ಬಳೆಯ ಮೇಲಿನ ಗೀರು
(ಕಂತು ಒಂಬತ್ತು)

“ಮುಟ್ಟಬೇಡಿ ಮೇಡಂ, ಬಿಸಿ ಇದೆ!” ಎಂದ ಸೂಪರ್‌ವೈಸರ್.

ಟೀಚರಮ್ಮ ಆಗಲೇ ಮುಟ್ಟಿಯಾಗಿತ್ತು. ಬೆರಳ ತುದಿ ಚುರ್ ಎಂದಿತು. ಆದರೂ ಕೈ ತೆಗೆಯಲಿಲ್ಲ. ಕುಲುಮೆಯಿಂದ ಹೊರಬಂದು ಕೊಕ್ಕೆಗೆ ನೇತಾಡುತ್ತಿದ್ದ ಸೈಕಲ್ ಫ್ರೇಮಿನ ಕೊರಳಿನ ಅಡಿಯಲ್ಲಿ, ಎರಡು ಕೊಳವೆಗಳು ಕೂಡುವ ಕಡೆ, ಅವಳಿಗೆ ಒಂದು ಗೀರು ಸಿಕ್ಕಿತ್ತು. ಅಕ್ಕಿಕಾಳಿನಷ್ಟು ಉದ್ದದ್ದು, ಬಲಕ್ಕೆ ವಾಲಿದ್ದು.

ಕೊಳವೆಗಳನ್ನು ಒಂದಕ್ಕೊಂದು ಹಿಡಿದಿಡುವ ಆ ಉಕ್ಕಿನ ಕವಚಕ್ಕೆ ಈ ಕಸುಬಿನವರು ‘ಬಳೆ’ ಎನ್ನುತ್ತಾರೆ. ಬಳೆಯ ಅಂಚನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡುವಾಗ ಒಮ್ಮೊಮ್ಮೆ ಕೈ ಜಾರುತ್ತದೆ. ಜಾರಿದರೆ ಇಂಥದ್ದೇ ಗೀರು ಬೀಳುತ್ತದೆ. ಅದರಲ್ಲಿ ಅತಿಶಯವೇನೂ ಇಲ್ಲ.

ಅತಿಶಯ ಇದ್ದದ್ದು ಪಕ್ಕದ ಫ್ರೇಮಿನಲ್ಲಿ. ಅದರ ಬಳೆಯಲ್ಲೂ ಅದೇ ಜಾಗದಲ್ಲಿ, ಅಷ್ಟೇ ಉದ್ದದ, ಅತ್ತಲೇ ವಾಲಿದ ಗೀರು. ಅದರ ಪಕ್ಕದ್ದರಲ್ಲೂ ಇತ್ತು. ಟೀಚರಮ್ಮ ನೇತಾಡುವ ಸಾಲಿನುದ್ದಕ್ಕೂ ನಡೆದಳು. ಇಪ್ಪತ್ತೇಳು ಫ್ರೇಮು, ಇಪ್ಪತ್ತೇಳು ಗೀರು.

ಅವಳಿಗೆ ನಗು ಬಂತು. ಒಳ್ಳೆಯ ನಗುವಲ್ಲ. ಇಲಿ ತಾನಾಗಿ ಬೋನಿಗೆ ಬಂದಾಗ ಮನೆಯವರು ನಗುತ್ತಾರಲ್ಲ, ಆ ನಗು.

ವಿಮೆ ಕಂಪನಿಯ ತನಿಖೆಗೆ ಬರುವ ಮೊದಲು ಅವಳು ಹನ್ನೊಂದು ವರ್ಷ ಶಾಲೆಯಲ್ಲಿ ಲೆಕ್ಕದ ಪಾಠ ಹೇಳಿದವಳು. ಕೆಲಸ ಬಿಟ್ಟರೂ ‘ಟೀಚರಮ್ಮ’ ಎಂಬ ಹೆಸರು ಬಿಡಲಿಲ್ಲ, ಮಕ್ಕಳನ್ನು ಹಿಡಿಯುವ ಚಟವೂ ಬಿಡಲಿಲ್ಲ. ನಕಲು ಹೊಡೆದವರು ಸರಿ ಉತ್ತರದಿಂದ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಸರಿ ಉತ್ತರ ಎಲ್ಲರದ್ದೂ ಒಂದೇ. ಏಳೇಳು ಐವತ್ತೇಳು ಎಂದು ಇಬ್ಬರು ಬರೆದರೆ ಆಗ ಅವಳು ಬೆತ್ತ ಹುಡುಕುತ್ತಿದ್ದಳು.

“ಈ ಗೀರು ಏನು?” ಎಂದು ಕೇಳಿದಳು.

“ಅದಾ? ಅದು ಡಿಸೈನು ಮೇಡಂ,” ಎಂದ ಸೂಪರ್‌ವೈಸರ್ ಹೆಮ್ಮೆಯಿಂದ. “ಸ್ಯಾಂಪಲ್‌ನಲ್ಲಿ ಇತ್ತು. ಸ್ಯಾಂಪಲ್ ಹೇಗಿದೆಯೋ ಹಾಗೇ ಅಚ್ಚು ತೆಗೀರಿ, ಕೂದಲೆಳೆ ವ್ಯತ್ಯಾಸ ಬಂದ್ರೂ ಮಾಲು ವಾಪಸ್ ಅಂದಿದ್ರು. ಗೀರು ಸರಿಯಾಗಿ ಮೂಡಿದೆಯಾ ಅಂತ ನೋಡೋಕೇ ಒಬ್ಬರನ್ನ ಇಟ್ಟಿದೀವಿ. ಮೂಡದೇ ಇದ್ರೆ ರಿಜೆಕ್ಟ್.”

“ತಪ್ಪು ಇಲ್ಲದೇ ಇದ್ರೆ ರಿಜೆಕ್ಟಾ?”

“ತಪ್ಪಾ?” ಎಂದ ಅವನು. ಆರು ವರ್ಷದಲ್ಲಿ ಅವನಿಗೆ ಆ ಅನುಮಾನವೇ ಬಂದಿರಲಿಲ್ಲ.

ಸಾಲಿನ ಕೊನೆಯಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ಬಣ್ಣವಾದ ಫ್ರೇಮುಗಳಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದರು. ಈಚೆಯವಳ ಹತ್ತಿರ ಗಿಳಿ ಚಿತ್ರದ ಸ್ಟಿಕ್ಕರು, ಅಗ್ಗದ ಅಂಗಡಿಗೆ ಹೋಗುವುದಕ್ಕೆ. ಆಚೆಯವಳ ಹತ್ತಿರ ಚಿನ್ನದ ಬಣ್ಣದ ಓರೆ ಅಕ್ಷರ, ಕೆಳಗೆ ಫ್ರೇಮು ಕಟ್ಟುವ ಮೇಸ್ತ್ರಿಯ ಸಹಿ. ನಗರದ ಅತಿ ಹಳೆಯ, ಅತಿ ಗತ್ತಿನ ಸೈಕಲ್ ಕಂಪನಿಯದು ಅದು. ‘ಒಬ್ಬ ಮನುಷ್ಯ, ಎರಡು ಕೈ, ಒಂದು ಸೈಕಲ್’ ಎಂದು ಅವರ ಜಾಹೀರಾತು. ಅಳಿಯ ಅಲ್ಲ ಮಗಳ ಗಂಡ ಎಂದ ಹಾಗೆ, ಸ್ಟಿಕ್ಕರ್ ಬೇರೆ, ಸೈಕಲ್ ಒಂದೇ.

ಅಳಿಯನ ಮಾತು ಬಂದದ್ದೂ ಸರಿಯೇ ಆಯಿತು. ಹದಿನೆಂಟು ದಿನದ ಹಿಂದೆ ಇಳಿಜಾರು ರಸ್ತೆಯಲ್ಲಿ ಫ್ರೇಮಿನ ಕೊರಳು ಕಳಚಿ ಸತ್ತವನು ಅದೇ ಕಂಪನಿಯ ರೇಸ್ ಸವಾರ, ಮೇಸ್ತ್ರಿಯ ಸ್ವಂತ ಅಳಿಯ. ಫ್ರೇಮು ಮಾಡಿದ್ದು ಮೇಸ್ತ್ರಿಯೇ ಎಂದು ಕಂಪನಿಯ ಯಜಮಾನ ಪೊಲೀಸರಿಗೆ ಬರೆದುಕೊಟ್ಟಿದ್ದ.

“ಸ್ಯಾಂಪಲ್ ತಂದುಕೊಟ್ಟಿದ್ದು ಯಾರು?”

“ಅವರೇ ಮೇಡಂ, ಸತ್ತುಹೋದ್ರಲ್ಲ, ಆ ಸವಾರರು. ಭುಜದ ಮೇಲೆ ಹೊತ್ಕೊಂಡು ಬಂದ್ರು. ನಮ್ಮ ಮಾವನ ಕೈಕೆಲಸ, ಹುಷಾರು ಅಂದ್ರು.”

ಮನೆ ಮಗಳನ್ನೂ ತಗೊಂಡ, ಮಾವನ ಕೈಯನ್ನೂ ಮಾರಿದ ಎಂದುಕೊಂಡಳು ಟೀಚರಮ್ಮ. ಸತ್ತವನ ಮೇಲೆ ಇದ್ದ ಅಷ್ಟಿಷ್ಟು ಕನಿಕರವೂ ಹೋಯಿತು.

ಮೂಲೆಯಲ್ಲಿ ಒಂದು ಯಂತ್ರ ಒಂದು ಫ್ರೇಮನ್ನು ಹಿಡಿದು ಧಡ್ ಧಡ್ ಎಂದು ಒದೆಯುತ್ತಿತ್ತು. ಸೂಪರ್‌ವೈಸರ್ ಅತ್ತ ಕೈ ತೋರಿಸಿದ. “ಮೂರು ದಿನ ಬಿಡದೆ ಒದೆಯುತ್ತೆ. ಇವತ್ತಿನವರೆಗೂ ಒಂದೂ ಮುರಿದಿಲ್ಲ. ನಮ್ಮ ಮಾಲಿಗೆ ಹೆಸರಿಲ್ಲ ಅಷ್ಟೇ ಮೇಡಂ, ಗಟ್ಟಿ ಇದೆ.”

ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಣ್ಣವಿಲ್ಲದ ಒಂದು ಫ್ರೇಮಿಗೆ ರಸೀದಿ ಬರೆದುಕೊಟ್ಟು ಅದನ್ನು ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡಳು.

ಹನ್ನೊಂದು ಗಂಟೆಗೆ ಕಂಪನಿಯ ಮಳಿಗೆಯಲ್ಲಿ, ಎಲ್ಲರ ಎದುರು, ಪೊಲೀಸರು ಮೊಹರು ಹಾಕಿಟ್ಟಿದ್ದ ಮುರಿದ ಫ್ರೇಮನ್ನು ಬಿಚ್ಚುವುದಿತ್ತು. ಲೆಕ್ಕ ಸುಲಭ. ಮುರಿದ ಬಳೆಯಲ್ಲಿ ಗೀರಿದ್ದರೆ ಅದು ಕಾರ್ಖಾನೆಯ ಮಾಲು, ಸುಳ್ಳು ಬರೆದುಕೊಟ್ಟ ಯಜಮಾನ ಒಳಗೆ. ಗೀರಿಲ್ಲದಿದ್ದರೆ ಅದು ಕೈಯಲ್ಲಿ ಮಾಡಿದ್ದು, ಮೇಸ್ತ್ರಿ ಒಳಗೆ. ಎಪ್ಪತ್ತೊಂದು ವರ್ಷದ ಮುದುಕ ಒಳಗೆ ಹೋದರೆ ಹೊರಗೆ ಬರುವುದು ಹೆಗಲ ಮೇಲೆಯೇ.

ಇಪ್ಪತ್ತೇಳಕ್ಕೆ ಇಪ್ಪತ್ತೇಳು ನೋಡಿದವಳಿಗೆ ಇಪ್ಪತ್ತೆಂಟನೆಯದರ ಬಗ್ಗೆ ಅನುಮಾನ ಇರಲಿಲ್ಲ.

ಆದರೂ ದಾರಿಯುದ್ದಕ್ಕೂ ಒಂದು ಹಳೆಯ ಮುಖ ಕಾಡಿತು. ಒಮ್ಮೆ, ಒಮ್ಮೆ ಮಾತ್ರ, ಅವಳ ಬೆತ್ತ ತಪ್ಪಿ ಬಿದ್ದಿತ್ತು. ಒಂದೇ ತಪ್ಪು ಬರೆದಿದ್ದ ಇಬ್ಬರು ಹುಡುಗಿಯರಲ್ಲಿ ಸಪ್ಪೆ ಮುಖದವಳನ್ನು ಎಬ್ಬಿಸಿ, ತರಗತಿಯ ಮುಂದೆ ನಿಲ್ಲಿಸಿ, ಕಳ್ಳಿ ಎಂದಿದ್ದಳು. ಆ ಹುಡುಗಿ ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ. ನಕಲು ಹೊಡೆದವಳು ಇನ್ನೊಬ್ಬಳೆಂದು ತಿಳಿದದ್ದು ಆಮೇಲೆ. ತಪ್ಪು ಸಪ್ಪೆ ಮುಖದವಳ ಸ್ವಂತದ್ದು. ಟೀಚರಮ್ಮ ಆ ವಿಷಯ ಯಾರಿಗೂ ಹೇಳಿರಲಿಲ್ಲ.

*

ಮಳಿಗೆಯ ಮುಂಭಾಗದಲ್ಲಿ ದೊಡ್ಡ ಗಾಜಿನ ಕೋಣೆ. ಅದರೊಳಗೆ ತೊಗಲಿನ ಏಪ್ರನ್ ಕಟ್ಟಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಬೆಸುಗೆಯ ಟಾರ್ಚ್ ಹಿಡಿದು ಮೇಸ್ತ್ರಿ ಸ್ಟೂಲಿನ ಮೇಲೆ ಕೂತಿದ್ದ. ಗಾಜಿನ ಈಚೆ ನಾಲ್ಕೈದು ಗಿರಾಕಿಗಳು ದೇವರ ದರ್ಶನಕ್ಕೆ ನಿಂತ ಹಾಗೆ ನಿಂತಿದ್ದರು.

ಮಗಳು ಅಪ್ಪನಿಗೆ ಕಾಫಿ ತಂದಳು. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಗಂಡ ಸತ್ತು ಮೂರು ವಾರ ಕಳೆದಿರಲಿಲ್ಲ. ಆದರೂ ದಿನವೂ ಅಪ್ಪನ ಕೈ ಹಿಡಿದು ಇಲ್ಲಿಗೆ ಕರೆತರುತ್ತಿದ್ದಳು. ಲೋಟ ತಾಗಿದ್ದೇ ಮೇಸ್ತ್ರಿ ಕೈ ಹಿಂದೆಳೆದುಕೊಂಡ.

“ಯಾವ ಕೈಲಿ ಕೊಡ್ತಿದೀಯ?”

ಮಗಳು ಲೋಟವನ್ನು ಬಲಗೈಗೆ ಬದಲಾಯಿಸಿದಳು.

“ಎಷ್ಟು ಸಲ ಹೇಳ್ಬೇಕು? ಕತ್ತೆಯಷ್ಟು ವಯಸ್ಸಾಯ್ತು.”

“ಇನ್ನೊಂದ್ಸಲ ಆಗಲ್ಲ ಅಪ್ಪ,” ಎಂದಳು. ಟೀಚರಮ್ಮ ನೋಡುತ್ತಿರುವುದು ಕಂಡು ಅರೆ ನಗು ನಕ್ಕಳು. “ಚಿಕ್ಕವಳಿದ್ದಾಗ ಅರದ ಹಿಡಿಯಲ್ಲಿ ಗೆಣ್ಣಿಗೇ ಬೀಳ್ತಿತ್ತು. ಈಗ ಬರೀ ಮಾತು.”

ಒಳಗಿನ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಮೊಹರು ಹಾಕಿದ ಚೀಲವನ್ನು ನೆಲದ ಮೇಲಿಟ್ಟುಕೊಂಡು ಕೂತಿದ್ದ. ಮೇಜಿನ ಆಚೆ ಯಜಮಾನ. ಕಂಪನಿ ಕಟ್ಟಿದವನು ಇವನ ತಾತ. ಐವತ್ತೆರಡು ವರ್ಷವಾಗಿ, ತಲೆಗೆ ಬಣ್ಣ ಹಚ್ಚುವ ಕಾಲ ಬಂದರೂ ಊರಿಗೆಲ್ಲ ಇವನು ಇನ್ನೂ ‘ಮೊಮ್ಮಗ’ನೇ.

“ಬನ್ನಿ ಮೇಡಂ,” ಎಂದ ಮೊಮ್ಮಗ. “ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೋಗಿತ್ತು ಸವಾರಿ?”

ಟೀಚರಮ್ಮ ತಂದ ಫ್ರೇಮನ್ನು ಗಾಜಿನ ಮೇಜಿನ ಮೇಲೆ ಠಣ್ ಎಂದು ಹಾಕಿದಳು.

“ಇದು ಯಾರದ್ದು?”

“ಯಾವುದೋ ಅಗ್ಗದ ಮಾಲು. ಮೇಜು ಒಡೆದೀತು, ತೆಗೀರಿ.”

“ಗೋಡೆ ಮೇಲೆ ನೇತು ಹಾಕಿದೀರಲ್ಲ, ಆ ಕೆಂಪದ್ದು?”

“ಅದು ಬೇರೆ ವಿಷಯ. ಅದು ನಮ್ಮ ಮೇಸ್ತ್ರಿ ಕೈಯಲ್ಲಿ ಅರಳಿದ್ದು. ಒಂದೊಂದಕ್ಕೆ ಒಂದೊಂದು ವಾರ.”

ಟೀಚರಮ್ಮ ಕೆಂಪು ಫ್ರೇಮನ್ನು ಗೋಡೆಯಿಂದ ಇಳಿಸಿಕೊಂಡಳು. ಕೈಚೀಲದಿಂದ ಬ್ಲೇಡ್ ತೆಗೆದು, ಅವನ ಕಣ್ಣೆದುರಿಗೇ, ಕೊರಳ ಬಳೆಯ ಅಡಿಯ ಬಣ್ಣ ಹೆರೆಯತೊಡಗಿದಳು.

“ರೀ! ರೀ! ಏನ್ರೀ ಮಾಡ್ತಿದೀರಾ!” ಮೊಮ್ಮಗನ ಗಂಟಲಿಂದ ಬಂದ ಸದ್ದು ಚರ್ಮ ಸುಲಿಸಿಕೊಳ್ಳುತ್ತಿದ್ದವನದ್ದು. ಗಿರಾಕಿಗಳು ಬಾಗಿಲಿಗೆ ಬಂದು ಇಣುಕಿದರು.

ಅವಳಿಗೆ ಅವಸರವಿರಲಿಲ್ಲ. ನಿಧಾನವಾಗಿ, ಬೇಕೆಂದೇ ನಿಧಾನವಾಗಿ ಹೆರೆದಳು. ಬಣ್ಣದ ಅಡಿಯಿಂದ ಅಕ್ಕಿಕಾಳಿನಷ್ಟು ಉದ್ದದ ಗೀರು ಮೇಲೆದ್ದು ಬಂತು. ಎರಡು ಫ್ರೇಮನ್ನೂ ಪಕ್ಕ ಪಕ್ಕ ಇಟ್ಟು ಇನ್ಸ್‌ಪೆಕ್ಟರನ್ನು ಕರೆದಳು.

“ಕೈ ಅಂದ್ಮೇಲೆ ಜಾರುತ್ತೆ ಸಾರ್. ಆದ್ರೆ ಒಂದೇ ಜಾಗದಲ್ಲಿ, ಒಂದೇ ಅಳತೆಗೆ ಇಪ್ಪತ್ತೆಂಟು ಸಲ ಜಾರಲ್ಲ. ಇದು ಕೈ ಜಾರಿದ್ದಲ್ಲ. ಕೈ ಜಾರಿದ್ದರ ನಕಲು.”

ಇನ್ಸ್‌ಪೆಕ್ಟರ್ ಒಂದರ ಮೇಲೆ ಬೆರಳಾಡಿಸಿ, ಇನ್ನೊಂದರ ಮೇಲೆ ಬೆರಳಾಡಿಸಿ, ಮೊಮ್ಮಗನ ಮುಖ ನೋಡಿದ.

“ಇನ್ನೂ ನಾಲ್ಕು ನೇತಾಡ್ತಿವೆ. ಎಲ್ಲ ಹೆರೀಲಾ?” ಎಂದಳು ಟೀಚರಮ್ಮ.

“ಬೇಡ,” ಎಂದ ಮೊಮ್ಮಗ. ಕುರ್ಚಿಯಲ್ಲಿ ಕುಸಿದ. ಆದರೆ ಬಿದ್ದರೂ ಮೀಸೆ ಮಣ್ಣಾಗಬಾರದು ಎನ್ನುವ ಜಾತಿ ಅದು. ಅರೆಗಳಿಗೆಯಲ್ಲಿ ಸಾವರಿಸಿಕೊಂಡು ಸೆಟೆದು ಕೂತ.

“ಸರಿ. ಆರು ವರ್ಷದಿಂದ ಎಲ್ಲ ಅಲ್ಲಿಂದಾನೇ ಬರೋದು. ಏನೀಗ? ಹೆಸರಿರೋರೆಲ್ಲ ಮಾಡೋದೇ ಇದನ್ನ. ನಾನು ಒಬ್ಬನೇನಾ? ಜನಕ್ಕೆ ಬೇಕಾಗಿರೋದು ಹೆಸರು. ಫ್ರೇಮಿನ ಹೊಟ್ಟೆ ಒಳಗೆ ಏನಿದೆ ಅಂತ ಯಾವನು ನೋಡ್ತಾನೆ?”

“ಹಾಗಾದ್ರೆ ಮೇಸ್ತ್ರಿ ಅಲ್ಲಿ ಕೂತು ಏನು ಮಾಡ್ತಾರೆ?”

“ಕೂತ್ಕೋತಾನೆ.”

ಬಾಗಿಲು ತೆರೆದೇ ಇತ್ತು. ಮೇಸ್ತ್ರಿ ಹತ್ತು ಹೆಜ್ಜೆ ದೂರದಲ್ಲಿದ್ದ. ಅದು ಮೊಮ್ಮಗನಿಗೂ ಗೊತ್ತಿತ್ತು.

“ಅವನಿಗೆ ಕಣ್ಣೆಲ್ಲಿದೆ ಮೇಡಂ? ನಲವತ್ತು ವರ್ಷ ಬೆಂಕಿ ನೋಡಿ ನೋಡಿ ಎರಡೂ ಹೋದ್ವು. ಎದುರಿಗೆ ಆನೆ ನಿಂತ್ರೂ ಕಾಣಲ್ಲ. ಆ ಕಪ್ಪು ಕನ್ನಡಕ ಯಾಕೆ ಅಂದ್ಕೊಂಡ್ರಿ? ಆ ಟಾರ್ಚಿಗೆ ಗ್ಯಾಸೇ ಇಲ್ಲ. ಗೊಂಬೆ ಅವನು. ಬೆಳಿಗ್ಗೆ ಮಗಳು ತಂದು ಕೂರಿಸ್ತಾಳೆ, ಸಂಜೆ ಎತ್ಕೊಂಡು ಹೋಗ್ತಾಳೆ. ಸತ್ತಮೇಲೂ ಕೂರಿಸಬಹುದಿತ್ತು, ನೊಣ ಬರುತ್ತೆ ಅಷ್ಟೇ.”

ಒಬ್ಬ ಗಿರಾಕಿ ಕಿಸಕ್ಕನೆ ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಟ.

ಗಾಜಿನ ಕೋಣೆಯಲ್ಲಿ ಮೇಸ್ತ್ರಿ ಟಾರ್ಚನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಇಡುವ ಜಾಗ ತಡವಿ ಹುಡುಕಿ ಇಟ್ಟ. ಮಗಳು ಅವನ ಹೆಗಲು ಹಿಡಿದುಕೊಂಡಳು.

ಟೀಚರಮ್ಮನಿಗೆ ಪಾಪ ಎನಿಸಲಿಲ್ಲವೇ? ಎನಿಸಿತು. ಆದರೆ ಗೆಲ್ಲುತ್ತಿರುವವರಿಗೆ ಪಾಪ ಎನಿಸುವುದು ಒಂದು ಕ್ಷಣ ಮಾತ್ರ. ಅವಳು ಗಾಜಿನ ಕೋಣೆಗೆ ಹೋಗಿ ಮುದುಕನ ಎದುರು ನಿಂತಳು.

“ಮೇಸ್ತ್ರಿಗಳೇ, ಅವರು ಹೇಳಿದ್ದು ನಿಜ ಅಂತ ನಿಮ್ಮ ಬಾಯಲ್ಲೇ ಬರ್ಬೇಕು. ಹೇಳಿದ್ರೆ ನಿಮ್ಮ ತಲೆ ಉಳಿಯುತ್ತೆ.”

“ಇಷ್ಟು ಜನರ ಮುಂದೇನಾ?”

“ಇವರೇ ಸಾಕ್ಷಿ.”

ಮೇಸ್ತ್ರಿ ಗಾಜಿನ ಕಡೆ ಮುಖ ತಿರುಗಿಸಿದ. ಆರು ವರ್ಷದಿಂದ ಅವನು ಮುಖ ಕೊಟ್ಟು ಕೂತಿದ್ದ ಗಾಜು ಅದು. “ಆರು ವರ್ಷದಿಂದ ನಾನು ಒಂದೂ ಮಾಡಿಲ್ಲ,” ಎಂದ. “ನನಗೆ ಕಣ್ಣು ಕಾಣಲ್ಲ. ಟಾರ್ಚ್ ಹಚ್ಚಿಲ್ಲ.”

ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಬಿಳಿ ಕಟ್ಟಿದ ಆ ಎರಡು ಕಣ್ಣು ನೋಡಿ ಗಿರಾಕಿಗಳು ಹಿಂದೆ ಸರಿದರು.

“ಬಿಚ್ಚಿ ಸಾರ್,” ಎಂದಳು ಟೀಚರಮ್ಮ. ಅವಳ ದನಿಯಲ್ಲಿ ಆಗಲೇ ಜಯವಿತ್ತು.

*

ಇನ್ಸ್‌ಪೆಕ್ಟರ್ ಚೀಲವನ್ನು ಗಾಜಿನ ಕೋಣೆಯ ಕೆಲಸದ ಮೇಜಿಗೇ ತಂದು ಮೊಹರು ಒಡೆದ. ನೀಲಿ ಫ್ರೇಮು. ಕೊರಳು ಒಂದು ತುಂಡು, ಉಳಿದದ್ದು ಒಂದು ತುಂಡು. ಬಿದ್ದ ರಭಸಕ್ಕೆ ಬಳೆಯ ಮೇಲಿನ ಬಣ್ಣವೆಲ್ಲ ಕಿತ್ತು ಹೋಗಿತ್ತು. ಹೆರೆಯುವ ಕೆಲಸವೂ ಇರಲಿಲ್ಲ.

ಟೀಚರಮ್ಮ ಬಾಗಿ ಬಳೆಯ ಅಡಿಗೆ ಕಣ್ಣು ಹಾಯಿಸಿದಳು. ಬೆರಳಾಡಿಸಿದಳು. ಕಿಟಕಿಯ ಬೆಳಕಿಗೆ ತಿರುಗಿಸಿ ಮತ್ತೆ ನೋಡಿದಳು.

ಗೀರು ಇರಲಿಲ್ಲ.

“ಏನು ಮೇಡಂ?” ಎಂದ ಇನ್ಸ್‌ಪೆಕ್ಟರ್.

ಕಾರ್ಖಾನೆಯ ಬಳೆಗಳು ಅಚ್ಚಿನಿಂದ ಬಂದವು, ಗೀರೊಂದು ಬಿಟ್ಟರೆ ಕೆನ್ನೆಯ ಹಾಗೆ ನುಣುಪು. ಈ ಬಳೆಯ ತುಂಬ ಅರ ಆಡಿದ ಸಣ್ಣ ಸಣ್ಣ ಗೆರೆಗಳಿದ್ದವು. ಯಾರೋ ಗಂಟೆಗಟ್ಟಲೆ ಕೂತು, ಉಸಿರು ಹಿಡಿದು, ಕೈಯಲ್ಲಿ ಉಜ್ಜಿದ ಬಳೆ. ಅಂಚು ಎಲೆಯಷ್ಟು ತೆಳ್ಳಗೆ ಬಂದಿತ್ತು. ಇಷ್ಟು ಚಂದದ ಕೆಲಸವನ್ನು ಅವಳು ಆ ಮಳಿಗೆಯ ಗೋಡೆಯ ಮೇಲೂ ನೋಡಿರಲಿಲ್ಲ.

ಬಳೆಯ ಒಳಗೆ ಬೆರಳು ಹಾಕಿದಳು. ಅಲ್ಲಿ ಬೇರೆ ಕಥೆ. ಕೊಳವೆ ಬಳೆಯ ತಳದವರೆಗೆ ಬಂದು ಕೂರಬೇಕು, ಸುತ್ತಲೂ ಬೆಸುಗೆಯ ಹಿತ್ತಾಳೆ ಕರಗಿ ಇಳಿಯಬೇಕು. ಇಲ್ಲಿ ಕೊಳವೆಯನ್ನು ಎರಡು ಬೆರಳು ಗಿಡ್ಡವಾಗಿ ಕತ್ತರಿಸಲಾಗಿತ್ತು. ಹಿತ್ತಾಳೆ ಬಾಯಂಚಿನಲ್ಲಿ ಒಂದು ಉಂಗುರದಷ್ಟು. ಒಳಗೆಲ್ಲ ಖಾಲಿ. ಹೊರಗಿನಿಂದ ಯಾರೂ ಕಂಡುಹಿಡಿಯಲಾರರು. ಹತ್ತು ಸಲ ಇಳಿಜಾರು ಇಳಿದರೂ ಹಿಡಿದೀತು, ಹನ್ನೊಂದನೆಯ ಸಲ ಬಿಟ್ಟೀತು.

ಮೊಮ್ಮಗ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡ. ಅವನಿಗೆ ನಗು ತಡೆಯಲಾಗಲಿಲ್ಲ.

“ಗೀರಿಲ್ಲ! ಇದು ಕಾರ್ಖಾನೆದಲ್ಲ! ಅಯ್ಯೋ ನನ್ನಪ್ಪ, ನಾನೂ ಅದನ್ನ ಕಾರ್ಖಾನೆದೇ ಅಂದ್ಕೊಂಡು ಹದಿನೆಂಟು ದಿನ ನಿದ್ದೆ ಬಿಟ್ಟೆನಲ್ಲ! ಸುಳ್ಳು ಬರೆದುಕೊಟ್ಟೆ ಅಂದ್ಕೊಂಡಿದ್ದೆ ಸಾರ್, ನಿಜಾನೇ ಬರೆದುಕೊಟ್ಟಿದೀನಿ!” ಟೀಚರಮ್ಮನ ಕಡೆ ತಿರುಗಿ ಕೈ ಮುಗಿದ. “ನಿಮ್ಮ ಉಪಕಾರ ಮರೆಯಲ್ಲ ಮೇಡಂ. ಕಾರ್ಖಾನೆ ಮಾಲು ಗಟ್ಟಿ. ಕೈಕೆಲಸವೇ ಆಳು ತಿಂದಿದ್ದು!”

ಗಟ್ಟಿ ಇದೆ ಮೇಡಂ, ಹೆಸರಿಲ್ಲ ಅಷ್ಟೇ. ಬೆಳಿಗ್ಗೆ ತಲೆಗೆ ಹೋಗದ ಮಾತು ಈಗ ಹೋಯಿತು. ಟೀಚರಮ್ಮನ ಕಿವಿ ಬಿಸಿಯಾಯಿತು.

“ಆದ್ರೆ ನಿಮ್ಮ ಮೇಸ್ತ್ರಿಗೆ ಕಣ್ಣೇ ಕಾಣಲ್ಲ ಅಂದ್ರಲ್ಲ ನೀವು,” ಎಂದ ಇನ್ಸ್‌ಪೆಕ್ಟರ್. “ಆರು ವರ್ಷದಿಂದ ಏನೂ ಮಾಡಿಲ್ಲ ಅಂದ್ರಲ್ಲ ಅವರು?”

ಮೊಮ್ಮಗನ ನಗು ನಿಂತಿತು.

“ಕೊಡಿ ಇಲ್ಲಿ,” ಎಂದ ಮೇಸ್ತ್ರಿ.

ಕಳಚಿದ ಕೊರಳನ್ನು ಟೀಚರಮ್ಮ ಅವನ ಅಂಗೈಯಲ್ಲಿಟ್ಟಳು. ಮುದುಕ ಹೆಬ್ಬೆರಳನ್ನು ಬಳೆಯ ಅಂಚಿನುದ್ದಕ್ಕೂ ಓಡಿಸಿದ. ಮೊದಲು ಅವನ ಮುಖದಲ್ಲಿ ಬಂದದ್ದು ಸಂತೋಷ. ಅದರಲ್ಲಿ ಸಂಶಯವಿಲ್ಲ, ಟೀಚರಮ್ಮ ಕಣ್ಣಾರೆ ಕಂಡಳು. ಒಳ್ಳೆಯ ಕೆಲಸವನ್ನು ಮುಟ್ಟಿದ ಕಸುಬುದಾರನ ಸಂತೋಷ. ಹೆಬ್ಬೆರಳು ಗೆರೆಗಳ ಮೇಲೆ ಬಂದು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ಸಂತೋಷ ಹೋಯಿತು. ಕೊನೆಗೆ ಬೆರಳು ಒಳಗೆ ಹೋಗಿ ಆ ಖಾಲಿ ಜಾಗವನ್ನು ಮುಟ್ಟಿತು.

ಹೆಗಲ ಮೇಲಿದ್ದ ಮಗಳ ಕೈಯನ್ನು ಅವನು ಮೆಲ್ಲಗೆ ಕೆಳಗಿಳಿಸಿದ.

“ನಾನೇ ಮಾಡಿದ್ದು ಇದನ್ನ,” ಎಂದ.

“ಈಗ ತಾನೇ ಒಂದೂ ಮಾಡಿಲ್ಲ ಅಂದ್ರಿ!” ಎಂದ ಇನ್ಸ್‌ಪೆಕ್ಟರ್.

“ಸುಳ್ಳು ಹೇಳಿದೆ. ಮನೆಯಲ್ಲಿ ಮಾಡ್ದೆ. ತಡವಿ ತಡವಿ ಮಾಡ್ದೆ. ಕುರುಡನ ಕೆಲಸ, ಅಳತೆ ತಪ್ಪಿತು. ಅಳಿಯನ್ನ ಕೊಂದವನು ನಾನೇ. ಬರ್ಕೊಳ್ಳಿ.”

“ಅಪ್ಪ,” ಎಂದಳು ಮಗಳು.

“ನೀನು ಸುಮ್ನಿರು.”

ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದ. ತಪ್ಪೊಪ್ಪಿಗೆ ತಾನಾಗಿ ಬಂದರೆ ಯಾವ ಪೊಲೀಸನೂ ಅದನ್ನು ವಾಪಸ್ ಕಳಿಸುವುದಿಲ್ಲ. ಮೊಮ್ಮಗ ಇದ್ದಕ್ಕಿದ್ದಂತೆ ದೊಡ್ಡ ಮನುಷ್ಯನಾಗಿ, ವಯಸ್ಸಾದವರು, ಜೋಪಾನವಾಗಿ ಕರ್ಕೊಂಡು ಹೋಗಿ ಸಾರ್ ಎಂದು ಬುದ್ಧಿ ಹೇಳತೊಡಗಿದ.

ಟೀಚರಮ್ಮ ಆ ಬಳೆಯನ್ನೇ ನೋಡುತ್ತಿದ್ದಳು. ಏಳೇಳು ಐವತ್ತೇಳು ಎಂದು ಬರೆದ ಕೈ ಯಾರದ್ದು?

ಕೆಲಸದ ಮೇಜಿನ ಮೇಲೆ ಒಂದು ಹಳೆಯ ಅರ ಬಿದ್ದಿತ್ತು. ಅದನ್ನು ಬಲಗೈಯಲ್ಲಿ ಹಿಡಿದು ಒಂದು ಕೊಳವೆ ತುಂಡಿನ ಮೇಲೆ ನಾಲ್ಕು ಸಲ ಉಜ್ಜಿದಳು. ಐದನೆಯ ಸಲ ಬೇಕೆಂದೇ ಕೈ ಜಾರಬಿಟ್ಟಳು. ಗೆರೆಗಳು ಎಡಕ್ಕೆ ವಾಲಿದವು. ಗೀರೂ ಎಡಕ್ಕೇ ಓಡಿತು. ಬಲಗೈಯವರ ಅರ ಹೋಗುವುದೇ ಆ ಕಡೆ.

ಮುರಿದ ಬಳೆಯ ಗೆರೆಗಳೆಲ್ಲ ಬಲಕ್ಕೆ ವಾಲಿದ್ದವು.

“ಮೇಸ್ತ್ರಿಗಳೇ, ಸ್ವಲ್ಪ ಇದನ್ನ ಹಿಡೀರಿ,” ಎಂದು ಅರವನ್ನು ಅವನ ಎರಡು ಕೈಗಳ ನಡುವೆ ಚಾಚಿದಳು. ನಲವತ್ತು ವರ್ಷದ ಅಭ್ಯಾಸ. ಮುದುಕ ಯೋಚಿಸಲೂ ಇಲ್ಲ, ಬಲಗೈ ಬಂದು ಹಿಡಿಯನ್ನು ಹಿಡಿಯಿತು.

ಗೋಡೆಯಿಂದ ಇಳಿಸಿದ ಕೆಂಪು ಫ್ರೇಮಿನ ಗೀರು, ಕಾರ್ಖಾನೆಯ ಇಪ್ಪತ್ತೇಳು ಗೀರು, ಅವೂ ಬಲಕ್ಕೇ ವಾಲಿದ್ದವಲ್ಲ! ಮಾವನ ಕೈಕೆಲಸ ಎಂದು ಅಳಿಯ ಹೇಳಿದ, ಸೂಪರ್‌ವೈಸರ್ ನಂಬಿದ, ಅವಳೂ ನಂಬಿದಳು. ಸ್ಯಾಂಪಲ್ಲು ಮೇಸ್ತ್ರಿಯದ್ದಾಗಿರಲೇ ಇಲ್ಲ. ಮುದುಕನ ಕಣ್ಣು ಮಂಜಾದಾಗ ಅವನ ಹೆಸರಿನಲ್ಲಿ ಬೇರೊಂದು ಕೈ ಕೂತು ಉಜ್ಜಿತ್ತು. ಆ ಕೈಯನ್ನು ಅಳಿಯ ಭುಜದ ಮೇಲೆ ಹೊತ್ತುಕೊಂಡು ಹೋಗಿ ಅಚ್ಚಿಗೆ ಹಾಕಿಸಿದ. ಆಮೇಲೆ ಆ ಕೈಗೆ ಕೆಲಸವೇ ಇಲ್ಲದಂತಾಯಿತು. ಮುದುಕನ ಕೈ ಹಿಡಿದು ಕರೆತರುವುದೊಂದು ಬಿಟ್ಟು.

“ಪಂಚನಾಮೆ ಆಯ್ತು,” ಎಂದ ಇನ್ಸ್‌ಪೆಕ್ಟರ್ ಕಾಗದ ಮುಂದಿಟ್ಟು. “ಮನೆಯವರ ಸಹಿ ಬೇಕು. ಇಲ್ಲಿ ಹಾಕಮ್ಮ.”

ಒಬ್ಬ ಪೇದೆ ಮೇಸ್ತ್ರಿಯ ರಟ್ಟೆ ಹಿಡಿದು ಬಾಗಿಲ ಕಡೆ ನಡೆಸಿದ್ದ. ತೊಗಲಿನ ಏಪ್ರನ್ ಇನ್ನೂ ಮೈಮೇಲೇ ಇತ್ತು. ಯಾರಿಗೂ ಬಿಚ್ಚಲು ನೆನಪಾಗಿರಲಿಲ್ಲ. ಹೊಸ್ತಿಲ ಹತ್ತಿರ ಮುದುಕ ನಿಂತ. ಬಿಳಿ ಕಣ್ಣುಗಳನ್ನು ದನಿ ಬಂದ ಕಡೆ ತಿರುಗಿಸಿದ.

“ಬಲಗೈ, ಮಗಳೇ,” ಎಂದ. ಬೆಳಿಗ್ಗೆ ಕಾಫಿ ಲೋಟಕ್ಕೆ ಗದರಿಸಿದ ಮಾತೇ. ಆದರೆ ಈಗ ಅದರಲ್ಲಿ ಗದರಿಕೆ ಇರಲಿಲ್ಲ, ಬೇಡಿಕೊಳ್ಳುತ್ತಿದ್ದ. “ಬಲಗೈಲಿ ಹಾಕು.”

ಇನ್ಸ್‌ಪೆಕ್ಟರಿಗೆ ಅದು ಮುದುಕರ ಮಾತು. ಮೊಮ್ಮಗನಿಗೆ ಕೇಳಿಸಲೂ ಇಲ್ಲ. ಕೇಳಿ ತಣ್ಣಗಾದವಳು ಟೀಚರಮ್ಮ ಒಬ್ಬಳೇ.

ಮಗಳು ತಲೆ ಎತ್ತಿ ಅಪ್ಪನನ್ನು ನೋಡಲಿಲ್ಲ. ಟೀಚರಮ್ಮನನ್ನು ನೋಡಿದಳು. ಅವಳ ಕೈಯಲ್ಲಿದ್ದ ಬಳೆಯನ್ನು ನೋಡಿದಳು. ಸಪ್ಪೆ ಮುಖ, ಅದರಲ್ಲಿ ಹೆದರಿಕೆಯೂ ಇಲ್ಲ, ಅಳುವೂ ಇಲ್ಲ. ನೋಟ ಕದಲಿಸದೆ ಪೆನ್ನು ಎತ್ತಿಕೊಂಡು, ಎಡಗೈಯಲ್ಲಿ, ನಿಧಾನವಾಗಿ, ಅಂದವಾಗಿ ಸಹಿ ಹಾಕಿದಳು.

“ಬಲಗೈಲೇ ಹಾಕಿದೀನಿ ಅಪ್ಪ,” ಎಂದಳು.